ಅಪ್ಪಯ್ಯನ ಸ್ಲೈಡುಗಳಿಗೆ ಎಂಥ ಸ್ಕ್ಯಾನರ್ ಕೊಳ್ಳಬೇಕು?

ಪ್ರಶ್ನೆ: ನಾವು ಉಡುಪಿಯ ಕಿನ್ನಿಮುಲ್ಕಿಯವರು. ನನ್ನ ಅಪ್ಪಯ್ಯ ಹವ್ಯಾಸಕ್ಕಾಗಿ ಫೋಟೊ ತೆಗೆಯುತ್ತಿದ್ದರು. ಅವರು ಬಿಟ್ಟುಹೋದ ಸುಮಾರು 900 ಬಣ್ಣದ ಸ್ಲೈಡುಗಳು (ಪ್ರೊಜೆಕ್ಟರಿನಲ್ಲಿ ಹಾಕಿ ನೋಡುವ, ಚೌಕಟ್ಟಿನ ಫಿಲ್ಮ್ ಚಿತ್ರಗಳು), 140ರಷ್ಟು ಬಣ್ಣದ ನೆಗೆಟಿವ್ ಪಟ್ಟಿಗಳು ಮತ್ತು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಚೌಕಾಕಾರದ ಕಪ್ಪು-ಬಿಳುಪು ನೆಗೆಟಿವ್‌ಗಳು ಕಪಾಟಿನಲ್ಲಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಇವನ್ನೆಲ್ಲ ಮನೆಯಲ್ಲೇ ಸ್ಕ್ಯಾನ್ ಮಾಡಬೇಕೆಂದಿದ್ದೇನೆ. 22 ಮೆಗಾಪಿಕ್ಸೆಲ್ ಎಂದು ಬರೆದ ಪುಟ್ಟ ಯಂತ್ರವೊಂದು ಅಗ್ಗವಾಗಿ ಸಿಗುತ್ತದೆ. ಉಳಿದವುಗಳ ಮೇಲೆ 6400, 7200 ಡಿಪಿಐ ಎಂದೆಲ್ಲ ಬರೆದಿದೆ. ಮಗಳ ಬಳಿ 24 ಮೆಗಾಪಿಕ್ಸೆಲ್‌ನ ಮಿರರ್‌ಲೆಸ್ ಕ್ಯಾಮೆರಾ ಇದೆ. ನಮ್ಮ ಹವೆಗೆ ತಾಳುವ, ನಂಬಬಹುದಾದ ಸ್ಕ್ಯಾನರ್ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಬಿಸ್ಕತ್ತಿನ ಡಬ್ಬಿಯ ಮಾತು. ಸ್ಕ್ಯಾನರ್ ಕೊಳ್ಳಲು ಹೊರಟವರಲ್ಲಿ ಬಹಳಷ್ಟು ಮಂದಿ ಯಂತ್ರಗಳ ಪಟ್ಟಿಯನ್ನು ಮೊದಲು ನೋಡುತ್ತಾರೆ, ತಮ್ಮ ಫಿಲ್ಮ್‌ನ ಅಳತೆಯನ್ನು ಕೊನೆಗೆ ನೋಡುತ್ತಾರೆ. ಆ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ಆದ್ದರಿಂದ ಮೊದಲು ಒಂದು ಸ್ಕೇಲು ತೆಗೆದುಕೊಂಡು ಆ ಚೌಕದ ನೆಗೆಟಿವ್‌ನ ಚಿತ್ರಭಾಗವನ್ನು ಅಳೆಯಿರಿ. ಅದು ಸುಮಾರು 56 ಮಿಲಿಮೀಟರ್ ಇದ್ದರೆ, ನಿಮ್ಮ ತಂದೆಯವರು 120 ಎಂಬ ಹೆಸರಿನ ಅಗಲವಾದ ಫಿಲ್ಮ್ ರೋಲು ಹಾಕುವ ಕ್ಯಾಮೆರಾದಲ್ಲಿ ಅದನ್ನು ತೆಗೆದಿದ್ದಾರೆ ಎಂದರ್ಥ. ಒಂದು ಕಾಲದಲ್ಲಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅಗ್ಫಾ ಕ್ಲಿಕ್ 3 ಇತ್ತು. ಅದರಲ್ಲಿ ಒಂದು ರೋಲಿಗೆ 12 ಚೌಕದ ಚಿತ್ರಗಳು ಬರುತ್ತಿದ್ದವು. ಸ್ಲೈಡುಗಳು ಮತ್ತು ಪಟ್ಟಿಗಳು ಬಹುಶಃ 35 ಮಿಲಿಮೀಟರ್ ಫಿಲ್ಮ್‌ನವು, ಅಂದರೆ ಚಿತ್ರಭಾಗ 24 × 36 ಮಿಲಿಮೀಟರ್, ಸ್ಲೈಡಿನ ಚೌಕಟ್ಟು 50 × 50 ಮಿಲಿಮೀಟರ್. ಈ ಎರಡು ಅಳತೆಗಳು ಒಂದೇ ಮನೆಯಲ್ಲಿರುವುದೇ ನಿಮ್ಮ ಆಯ್ಕೆಯನ್ನು ನಿರ್ಧರಿಸುವ ಸಂಗತಿ, ಏಕೆಂದರೆ 35 ಮಿಲಿಮೀಟರ್ ಫಿಲ್ಮ್‌ಗೆಂದೇ ಮಾಡಿದ ಒಳ್ಳೆಯ ಸ್ಕ್ಯಾನರ್‌ನ ಬಾಯೊಳಗೆ 120ರ ನೆಗೆಟಿವ್ ಹೋಗುವುದೇ ಇಲ್ಲ, ಮತ್ತು ಎರಡನ್ನೂ ತೆಗೆದುಕೊಳ್ಳುವ, ಗಾಜಿನ ಮೇಲೆ ಇಟ್ಟು ಓದಿಸುವ ಫ್ಲಾಟ್‌ಬೆಡ್ ಸ್ಕ್ಯಾನರ್ 35 ಮಿಲಿಮೀಟರ್ ಸ್ಲೈಡಿಗೆ ಪೂರ್ಣ ನ್ಯಾಯ ಒದಗಿಸುವುದಿಲ್ಲ.

ಆ 22 ಮೆಗಾಪಿಕ್ಸೆಲ್ ಯಂತ್ರದ ವಿಷಯವನ್ನು ಮೊದಲು ಮುಗಿಸುತ್ತೇನೆ. ಅಂಥವುಗಳ ಒಳಗಿರುವುದು ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ, ಒಂದು ಸಣ್ಣ ಮಸೂರ ಮತ್ತು ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ. ಅದು ಫಿಲ್ಮ್‌ನ ಒಂದು ಫೋಟೊ ತೆಗೆದು, ಒತ್ತಿ ಚಿಕ್ಕದಾಗಿಸಿದ ಜೆಪೆಗ್ ಕಡತ ಮಾಡಿ ಕಾರ್ಡಿಗೆ ಹಾಕುತ್ತದೆ. ಪೆಟ್ಟಿಗೆಯ ಮೇಲಿನ 22 ಮೆಗಾಪಿಕ್ಸೆಲ್ ಎಂಬ ಅಂಕಿ ಸಾಮಾನ್ಯವಾಗಿ ಸೆನ್ಸರ್‌ನದಲ್ಲ. ಕಡಿಮೆ ಇರುವ ಪಿಕ್ಸೆಲ್‌ಗಳ ನಡುವೆ ಲೆಕ್ಕಹಾಕಿ ತುಂಬಿಸಿದ ಪಿಕ್ಸೆಲ್‌ಗಳನ್ನೂ ಸೇರಿಸಿದ ಅಂಕಿ. ಎರಡು ಮೂರು ಸೆಕೆಂಡಿಗೆ ಒಂದು ಸ್ಲೈಡ್ ಮುಗಿಯುವುದರಿಂದ ಯಾವ ಡಬ್ಬಿಯಲ್ಲಿ ಏನಿದೆ ಎಂದು ಪಟ್ಟಿ ಮಾಡಲು ಅದು ಸಾಕು. ಆದರೆ ಗಾಢ ನೆರಳಿನ ವಿವರವನ್ನು ಅದು ಕಳೆಯುತ್ತದೆ, ಬೂಷ್ಟಿನ ಕಲೆಯನ್ನು ಗುರುತಿಸಲಾರದು, ಮತ್ತು ಒಮ್ಮೆ ಜೆಪೆಗ್‌ನಲ್ಲಿ ಒತ್ತಿಹೋದ ಬಣ್ಣವನ್ನು ಮತ್ತೆ ಸರಿಮಾಡಲು ಹೆಚ್ಚು ಅವಕಾಶ ಉಳಿಯುವುದಿಲ್ಲ. ಪಟ್ಟಿ ಮಾಡುವ ಕೆಲಸಕ್ಕೆ ನಿಮ್ಮ ಮೊಬೈಲ್ ಫೋನೇ ಸಾಲುವುದರಿಂದ ಈ ಖರ್ಚು ನಿಮಗೆ ಬೇಡ. ಹಾಗೆಯೇ ಕಚೇರಿಯ ಕಾಗದಪತ್ರಗಳಿಗಾಗಿ ಮಾರುವ ತೆಳ್ಳಗಿನ ಸ್ಕ್ಯಾನರ್‌ಗಳನ್ನೂ ಬಿಟ್ಟುಬಿಡಿ. ಕ್ಯಾನನ್ ಲೈಡ್ ಸರಣಿಯ 300, 400ರಂಥವುಗಳಲ್ಲಿ ಬೆಳಕು ಕೆಳಗಿನಿಂದ ಮಾತ್ರ ಬೀಳುತ್ತದೆ. ಫಿಲ್ಮ್‌ಗೆ ಬೆಳಕು ಎದುರು ಬದಿಯಿಂದ ಹಾಯ್ದು ಬರಬೇಕು. ಮುಚ್ಚಳದೊಳಗೆ ಪ್ರತ್ಯೇಕ ದೀಪವಿಲ್ಲದ ಯಾವ ಫ್ಲಾಟ್‌ಬೆಡ್ಡೂ ಫಿಲ್ಮ್‌ಗೆ ಆಗುವುದಿಲ್ಲ.

ಇನ್ನು ಡಿಪಿಐ. ಎಪ್ಸನ್ ಪರ್ಫೆಕ್ಷನ್ ವಿ600 ಮೇಲೆ 6400 ಎಂದಿದೆ, ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8200ಐ ಮೇಲೆ 7200 ಎಂದಿದೆ. ಒಂದು ಇಂಚಿನಲ್ಲಿ ಸೆನ್ಸರ್ ಎಷ್ಟು ಬಿಂದುಗಳನ್ನು ಎಣಿಸುತ್ತದೆ ಎಂಬುದನ್ನಷ್ಟೇ ಈ ಅಂಕಿ ಹೇಳುತ್ತದೆ. ಅಷ್ಟು ಸೂಕ್ಷ್ಮವಾದ ವಿವರವನ್ನು ಮಸೂರ ಆ ಸೆನ್ಸರ್‌ಗೆ ತಲುಪಿಸುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಅತಿ ಸೂಕ್ಷ್ಮ ಗೆರೆಗಳ ಗುಂಪುಗಳಿರುವ ಗಾಜಿನ ಪರೀಕ್ಷಾಫಲಕವೊಂದನ್ನು ಸ್ಕ್ಯಾನ್ ಮಾಡಿ, ಎಲ್ಲಿಯವರೆಗೆ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ ಎಂದು ನೋಡಬೇಕು. ಹಾಗೆ ನೋಡಿದರೆ ವಿ600 ವರ್ಗದ ಫ್ಲಾಟ್‌ಬೆಡ್ ನಿಜವಾಗಿ ಕೊಡುವುದು ಸುಮಾರು 1500ರ ಆಸುಪಾಸು, 8200ಐ ವರ್ಗದ ಫಿಲ್ಮ್ ಸ್ಕ್ಯಾನರ್ ಕೊಡುವುದು 3200ರ ಆಸುಪಾಸು. ಪೆಟ್ಟಿಗೆಯ ಅಂಕಿಗಳಲ್ಲಿ ಇವು ಹೆಚ್ಚು ಕಡಿಮೆ ಸಮಾನವೆಂದು ಕಾಣುತ್ತವೆ; ನಿಜದಲ್ಲಿ ಒಂದು ಇನ್ನೊಂದರ ಎರಡು ಪಟ್ಟು. ಈ ವ್ಯತ್ಯಾಸ 35 ಮಿಲಿಮೀಟರ್ ಸ್ಲೈಡಿನಲ್ಲಿ ಎದ್ದು ಕಾಣುತ್ತದೆ, ಏಕೆಂದರೆ 1500ರ ವಿವರದಲ್ಲಿ ಅದರಿಂದ ದಕ್ಕುವುದು ಹೆಚ್ಚೆಂದರೆ 3 ಮೆಗಾಪಿಕ್ಸೆಲ್‌ನಷ್ಟು ಚಿತ್ರ. ಪೋಸ್ಟ್‌ಕಾರ್ಡ್ ಅಳತೆಯ ಮುದ್ರಣಕ್ಕೆ ಅದು ಧಾರಾಳವಾಯಿತು, ಆದರೆ ಈಗಿನ 4ಕೆ ಟಿವಿಯ ಪರದೆಗೆ 8 ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಬೇಕು. ಚೌಕದ 120 ನೆಗೆಟಿವ್ ತಾನೇ ದೊಡ್ಡದಾಗಿರುವುದರಿಂದ ಅದೇ 1500ರ ವಿವರದಲ್ಲೂ 11 ಮೆಗಾಪಿಕ್ಸೆಲ್‌ನಷ್ಟು ಚಿತ್ರ ದೊರೆಯುತ್ತದೆ. ಒಂದೇ ಫ್ಲಾಟ್‌ಬೆಡ್ ಬಗ್ಗೆ ಒಬ್ಬರು ಹೊಗಳುವುದೂ ಇನ್ನೊಬ್ಬರು ತೆಗಳುವುದೂ ಇದರಿಂದಲೇ. ಅವರು ಅದರೊಳಗೆ ಇಟ್ಟ ಫಿಲ್ಮ್‌ಗಳು ಬೇರೆ ಬೇರೆ.

ಡಿಪಿಐಗಿಂತ ನಾನು ಹೆಚ್ಚು ಗಮನಿಸುವುದು ಕತ್ತಲನ್ನು. ನಿಮ್ಮ ತಂದೆಯವರ ಸಂಗ್ರಹದಲ್ಲಿ ರಾತ್ರಿಯ ಯಕ್ಷಗಾನದ ಸ್ಲೈಡುಗಳೋ ಪರ್ಯಾಯದ ಬೆಳಗಿನ ಜಾವದ ಮೆರವಣಿಗೆಯ ಸ್ಲೈಡುಗಳೋ ಇದ್ದೇ ಇರುತ್ತವೆ ಎಂದು ಊಹಿಸುತ್ತೇನೆ. ಅಂಥ ಸ್ಲೈಡಿನಲ್ಲಿ ವೇಷದ ಕಿರೀಟ ಹೊಳೆಯುತ್ತದೆ, ಹಿಂದಿನ ಪರದೆ ಬಹುತೇಕ ಕಪ್ಪಾಗಿರುತ್ತದೆ, ಆದರೆ ಆ ಕಪ್ಪಿನಲ್ಲಿ ಚಂಡೆಯವರ ಮುಖ ಇರುತ್ತದೆ. ಪ್ರೊಜೆಕ್ಟರಿನಲ್ಲಿ ಹಾಕಿದರೆ ಅದು ಕಾಣುತ್ತದೆ, ದುರ್ಬಲ ಸ್ಕ್ಯಾನರಿನಲ್ಲಿ ಕಾಣುವುದಿಲ್ಲ. ಫಿಲ್ಮ್‌ನ ಕಪ್ಪನ್ನು ಸಾಂದ್ರತೆ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಸಾಂದ್ರತೆ 3.0 ಎಂದರೆ ಬಿದ್ದ ಬೆಳಕಿನಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಆಚೆ ಹಾಯುತ್ತದೆ, 4.0 ಎಂದರೆ ಹತ್ತು ಸಾವಿರಕ್ಕೆ ಒಂದು ಪಾಲು. ವಿ600ಗೆ ತಯಾರಕರು ಹೇಳುವುದು 3.4, ಅದರ ಮೇಲಿನ ದರ್ಜೆಯ ವಿ850ಗೆ 4.0. ಈ ಅಂಕಿಗಳೂ ಉದಾರವಾಗಿಯೇ ಬರೆದವು, ಆದರೂ ಹೋಲಿಕೆಗೆ ಒದಗುತ್ತವೆ. ನೆಗೆಟಿವ್ ಫಿಲ್ಮ್‌ನ ಸಾಂದ್ರತೆ ಸ್ಲೈಡಿನಷ್ಟು ಏರುವುದಿಲ್ಲವಾದ್ದರಿಂದ ಅಲ್ಲಿ ಸಾಧಾರಣ ಸ್ಕ್ಯಾನರೂ ಹೆಣಗಾಡುವುದಿಲ್ಲ. ಸ್ಲೈಡೇ ಯಂತ್ರದ ನಿಜವಾದ ಪರೀಕ್ಷೆ. ಒಂದೇ ಚಿತ್ರವನ್ನು ಎರಡು ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ಓದಿ ಒಂದುಗೂಡಿಸುವ ಸೌಲಭ್ಯವೊಂದು ಸ್ಕ್ಯಾನರ್ ನಡೆಸುವ ಸಿಲ್ವರ್‌ಫಾಸ್ಟ್ ತಂತ್ರಾಂಶದಲ್ಲಿದೆ. ಅದು ಇಂಥ ರಾತ್ರಿಯ ಸ್ಲೈಡುಗಳಿಗೆ ಸಮಯ ಕೊಟ್ಟು ಬಳಸಬೇಕಾದದ್ದು.

ಇನ್ನು ನಮ್ಮ ಕರಾವಳಿಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಬೂಷ್ಟು, ಅಂದರೆ ಸ್ಟುಡಿಯೊದವರು ಫಂಗಸ್ ಎನ್ನುವುದು. ಫಿಲ್ಮ್‌ನ ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಜೆಲಟಿನ್ ಎಂದರೆ ಪ್ರಾಣಿಜನ್ಯ ಪ್ರೋಟೀನು, ಬೂಷ್ಟಿಗೆ ಅದು ಆಹಾರ. ಗಾಳಿಯ ತೇವ ಶೇಕಡ 60 ದಾಟಿ ವಾರಗಟ್ಟಲೆ ನಿಂತರೆ ಅದು ಬೆಳೆಯತೊಡಗುತ್ತದೆ, ಮತ್ತು ಜೂನಿನಿಂದ ಸೆಪ್ಟೆಂಬರ್‌ವರೆಗೆ ಉಡುಪಿಯಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ. ಬೂಷ್ಟು ಮೇಲ್ಮೈಯಲ್ಲಿ ಮಾತ್ರ ಇದ್ದಾಗ ತೆಗೆಯಬಹುದು. ಜೆಲಟಿನ್ನನ್ನು ತಿಂದು ಬಳ್ಳಿಯಂತೆ ಹರಡಿದ ಮೇಲೆ ಅದು ಹೋದರೂ ಗೀರು ಉಳಿಯುತ್ತದೆ.

ಇಲ್ಲಿಯೇ ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಓದುವ ಸೌಲಭ್ಯ ಬೇಕಾಗುವುದು. ಡಿಜಿಟಲ್ ಐಸ್ ಎಂಬ ಹೆಸರಿನಲ್ಲಿ ಎಪ್ಸನ್ ಮತ್ತು ಹಳೆಯ ನಿಕಾನ್ ಯಂತ್ರಗಳಲ್ಲಿ, ಬೇರೊಂದು ಹೆಸರಿನಲ್ಲಿ ಸಿಲ್ವರ್‌ಫಾಸ್ಟ್‌ನಲ್ಲಿ ಇರುವುದು ಇದೇ ತತ್ತ್ವ. ಬಣ್ಣದ ಫಿಲ್ಮ್‌ನ ಚಿತ್ರ ಬಣ್ಣದ್ರವ್ಯದಿಂದ ಆದದ್ದು, ಮತ್ತು ಆ ಬಣ್ಣದ್ರವ್ಯ ಇನ್ಫ್ರಾರೆಡ್ ಬೆಳಕನ್ನು ತಡೆಯುವುದಿಲ್ಲ. ಧೂಳು, ಗೀರು ಮತ್ತು ಬೂಷ್ಟು ತಡೆಯುತ್ತವೆ. ಹೀಗಾಗಿ ಇನ್ಫ್ರಾರೆಡ್‌ನಲ್ಲಿ ಮತ್ತೊಮ್ಮೆ ಓದಿದಾಗ ಕಲೆಗಳ ನಕ್ಷೆ ಮಾತ್ರ ದೊರೆಯುತ್ತದೆ, ತಂತ್ರಾಂಶ ಆ ಜಾಗಗಳನ್ನು ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. 900 ಸ್ಲೈಡುಗಳ ಧೂಳನ್ನು ಕಂಪ್ಯೂಟರಿನಲ್ಲಿ ಕೈಯಿಂದ ಒರೆಸುತ್ತ ಕುಳಿತರೆ ವರ್ಷಗಳು ಬೇಕಾದೀತು. ಈ ಒಂದು ಸೌಲಭ್ಯ ಅದರ ಬಹುಪಾಲನ್ನು ಉಳಿಸುತ್ತದೆ. ಪ್ಲಸ್‌ಟೆಕ್‌ನ 8100 ಮತ್ತು 8200ಐ ನೋಡಲು ಅವಳಿಗಳಂತಿವೆ, ಆದರೆ ಕೊನೆಯ ಆ ‘ಐ’ ಅಕ್ಷರವೇ ಇನ್ಫ್ರಾರೆಡ್ ಇದೆ ಎಂಬುದರ ಗುರುತು. ಬೆಲೆಯ ಅಂತರ ನೋಡಿ 8100 ಕೊಂಡು ಬೂಷ್ಟಿನ ಸ್ಲೈಡುಗಳ ಮುಂದೆ ಕೈಚೆಲ್ಲಿದವರನ್ನು ಮಂಗಳೂರಿನಲ್ಲಿ ನಾನೇ ನೋಡಿದ್ದೇನೆ. ಆಳವಾದ ಬೂಷ್ಟಿನ ಬಳ್ಳಿ ಮುಖದ ಮೇಲೆಯೇ ಹಾದಿದ್ದರೆ ಈ ತಂತ್ರವೂ ಕಣ್ಣು ತುಟಿಗಳನ್ನು ಮಸುಕು ಮಾಡಿಬಿಡಬಹುದು. ಆಗ ಇನ್ಫ್ರಾರೆಡ್ ಹಾಕದೆ ಸ್ಕ್ಯಾನ್ ಮಾಡಿ, ಆ ಒಂದು ಚಿತ್ರವನ್ನು ಕೈಯಿಂದ ಸರಿಪಡಿಸಬೇಕು.

ಇನ್ಫ್ರಾರೆಡ್ ಕೆಲಸ ಮಾಡದ ಎರಡು ಕಡೆಗಳಿವೆ. ಒಂದು, ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮ್. ಅಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆದದ್ದು, ಬೆಳ್ಳಿ ಇನ್ಫ್ರಾರೆಡ್ಡನ್ನೂ ತಡೆಯುತ್ತದೆ, ಆದ್ದರಿಂದ ಯಂತ್ರಕ್ಕೆ ಇಡೀ ಚಿತ್ರವೇ ಧೂಳಿನಂತೆ ತೋರುತ್ತದೆ. ನಿಮ್ಮ ಡಬ್ಬಿಯಲ್ಲಿರುವುದು ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮೋ ಅಗ್ಫಾದ್ದೋ ಓರ್ವೋದ್ದೋ ಆಗಿದ್ದರೂ ಇದರಲ್ಲಿ ಬದಲಾವಣೆ ಇಲ್ಲ. ಇನ್ನೊಂದು ಕೊಡಾಕ್ರೋಮ್. 1935ರಿಂದ 2009ರವರೆಗೆ ತಯಾರಾದ ಆ ಸ್ಲೈಡಿನಲ್ಲೂ ಇನ್ಫ್ರಾರೆಡ್ ಸೌಲಭ್ಯ ವಿವರಗಳನ್ನು ತಿಂದುಹಾಕುವುದುಂಟು. ಚೌಕಟ್ಟಿನ ಮೇಲೆ ಆ ಹೆಸರಿದ್ದರೆ ಒಂದೆರಡನ್ನು ಮೊದಲು ಪರೀಕ್ಷಿಸಿ ನೋಡಿ.

ಈಗ ನಿಮ್ಮ ಮನೆಗೆ ಏನು ಹೊಂದುತ್ತದೆ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ನಿಮ್ಮ ಬಣ್ಣದ ಫಿಲ್ಮ್ ಎಲ್ಲವೂ 35 ಮಿಲಿಮೀಟರ್. ಅದಕ್ಕೆ ಹೆಚ್ಚಿನ ವಿವರ, ಆಳವಾದ ಕಪ್ಪು ಮತ್ತು ಇನ್ಫ್ರಾರೆಡ್ ಮೂರೂ ಬೇಕು. ಅದಕ್ಕೆ 8200ಐ, ಅಥವಾ ಅದೇ ಸಾಲಿನ ಹೊಸ 8300ಐ ಕೊಳ್ಳಿ. ನಿಮ್ಮ ಚೌಕದ ಫಿಲ್ಮ್ ಕಪ್ಪು-ಬಿಳುಪು. ಅಲ್ಲಿ ಇನ್ಫ್ರಾರೆಡ್ ಹೇಗೂ ನಿರುಪಯೋಗಿ, ಫಿಲ್ಮ್ ದೊಡ್ಡದು, ತೆಗೆದ ಕ್ಯಾಮೆರಾದ ಮಸೂರ ಸರಳ. ಅದಕ್ಕೆ ಮಗಳ ಕ್ಯಾಮೆರಾ ಸಾಕು. ಎಲ್ಲವನ್ನೂ ಒಂದೇ ಯಂತ್ರ ಮಾಡಲಿ ಎಂದು ವಿ600 ಕೊಳ್ಳುವ ಆಸೆ ಸಹಜವೇ. ಮನೆಯಲ್ಲಿ ಕ್ಯಾಮೆರಾ ಇಲ್ಲದಿದ್ದರೆ, ಅಥವಾ ಸ್ಲೈಡುಗಳು 50 ಇದ್ದು ಚೌಕದವು 900 ಇದ್ದರೆ, ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಲೆಕ್ಕ ತಿರುಗಾಮುರುಗಾ ಆಗಿದೆ. ವಿ850ಯ ಎತ್ತರ ಹೊಂದಿಸಬಹುದಾದ ಹೋಲ್ಡರ್ ಮತ್ತು ಉತ್ತಮ ಮಸೂರ ನಿಜವಾಗಿಯೂ ಒಳ್ಳೆಯವು, ಒಮ್ಮೆಗೆ 12 ಸ್ಲೈಡುಗಳನ್ನು ಅದು ಹಿಡಿಯುತ್ತದೆ, ಆದರೆ ಬೆಲೆ ವಿ600ಗಿಂತ ಬಹಳ ಮೇಲಿದೆ ಮತ್ತು 35 ಮಿಲಿಮೀಟರಿನಲ್ಲಿ ಪ್ಲಸ್‌ಟೆಕ್‌ನಷ್ಟು ವಿವರ ಕೊಡುವುದಿಲ್ಲ.

ಪ್ಲಸ್‌ಟೆಕ್‌ನ ಕೊರತೆಗಳನ್ನೂ ಹೇಳಬೇಕು. ಅದರ ಹೋಲ್ಡರಿನಲ್ಲಿ 4 ಸ್ಲೈಡುಗಳು ಅಥವಾ 6 ಚಿತ್ರಗಳ ಒಂದು ಪಟ್ಟಿ ಕೂರುತ್ತದೆ, ಒಂದೊಂದು ಚಿತ್ರಕ್ಕೂ ಕೈಯಿಂದಲೇ ತಳ್ಳಬೇಕು. ಧೂಳು ಊದಿ, ಇಟ್ಟು, ಎರಡು ಬಾರಿ ಓದಿಸಿ, ಹೆಸರು ಬರೆದು ಮುಗಿಸಲು ಸ್ಲೈಡಿಗೆ 5 ನಿಮಿಷ ಹಿಡಿಯಿರಿ: 900ಕ್ಕೆ 75 ಗಂಟೆ. ಆದ್ದರಿಂದಲೇ ಮೊದಲು ಬೆಳಕಿನ ಫಲಕದ ಮೇಲೆ ಹರಡಿ, ಭೂತಗನ್ನಡಿಯಿಂದ ನೋಡಿ, ಒಂದೇ ದೃಶ್ಯದ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. 300 ಸ್ಲೈಡುಗಳನ್ನು ಚೆನ್ನಾಗಿ ಮಾಡುವ 25 ಗಂಟೆಗಳು ಒಂದು ಬೇಸಗೆ ರಜೆಯಲ್ಲಿ ಸಿಕ್ಕಾವು. 50 ಸ್ಲೈಡುಗಳ ಟ್ರೇಯನ್ನು ತಾನೇ ಎಳೆದುಕೊಳ್ಳುವ ಯಂತ್ರಗಳೂ ಇವೆ, ಆದರೆ ಮಳೆಗಾಲದಲ್ಲಿ ಉಬ್ಬಿ ಅಂಚು ಬಿಟ್ಟ ರಟ್ಟಿನ ಚೌಕಟ್ಟುಗಳು ಅವುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ನಮ್ಮ ಕಡೆಯ ಸಂಗ್ರಹಗಳಿಗೆ ಅದನ್ನು ಹೇಳಲು ನನಗೆ ಧೈರ್ಯವಿಲ್ಲ. ಪ್ಲಸ್‌ಟೆಕ್‌ನ ಇನ್ನೊಂದು ಮಿತಿ ಎಂದರೆ ಅದರ ಫೋಕಸ್ ಸ್ಥಿರ. ಬಾಗಿದ ಸ್ಲೈಡಿನ ನಡು ಸ್ಪಷ್ಟವಾಗಿ ಬಂದು ಅಂಚು ಮಸುಕಾದರೆ, ಆ ಫಿಲ್ಮನ್ನು ರಟ್ಟಿನಿಂದ ಬಿಡಿಸಿ ಪ್ಲಾಸ್ಟಿಕ್ ಚೌಕಟ್ಟಿಗೆ ಹಾಕಬೇಕಾಗುತ್ತದೆ.

ಸ್ವಯಂ ಫೋಕಸ್ ಬೇಕೆಂದು ಹಳೆಯ ನಿಕಾನ್ ಕೂಲ್‌ಸ್ಕ್ಯಾನ್ ಹುಡುಕುವವರಿದ್ದಾರೆ. 4000 ಡಿಪಿಐಯ ಆ ಯಂತ್ರಗಳು ಕೊಡುತ್ತಿದ್ದ ಚಿತ್ರ ಇಂದಿಗೂ ಮೆಚ್ಚುವಂಥದು, ನಾನು ಅವುಗಳಲ್ಲಿ ಕೆಲಸ ಕಲಿತವನು. ಆದರೆ ತಯಾರಿಕೆ ನಿಂತು ಹತ್ತಾರು ವರ್ಷಗಳಾದವು, ಬಿಡಿಭಾಗ ಸಿಗುವುದಿಲ್ಲ, ನಿಕಾನಿನ ಸ್ವಂತ ತಂತ್ರಾಂಶ ಹೊಸ ಕಂಪ್ಯೂಟರುಗಳಲ್ಲಿ ನಡೆಯುವುದಿಲ್ಲವಾದ್ದರಿಂದ ವ್ಯೂಸ್ಕ್ಯಾನ್‌ನಂಥ ಹೊರಗಿನ ತಂತ್ರಾಂಶ ಕೊಳ್ಳಬೇಕು, ಕೆಲವು ಮಾದರಿಗಳಿಗೆ ಈಗ ಕಾಣಸಿಗದ ಫೈರ್‌ವೈರ್ ಕೇಬಲ್ ಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಒಳಗಿನ ಕನ್ನಡಿ. ನಾನೊಮ್ಮೆ ನಮ್ಮ ಊರಿನಲ್ಲೇ ಬಹುಕಾಲ ಇದ್ದ ಬಳಸಿದ ಫಿಲ್ಮ್ ಸ್ಕ್ಯಾನರ್ ಒಂದನ್ನು ಕೊಂಡೆ. ಎಲ್ಲ ಸ್ಲೈಡುಗಳ ಹೊಳೆಯುವ ಭಾಗಗಳ ಸುತ್ತ ಹಾಲು ಚೆಲ್ಲಿದಂಥ ಮಂಜು ಬರುತ್ತಿತ್ತು. ಬಿಚ್ಚಿ ನೋಡಿದಾಗ ಕನ್ನಡಿಯ ಮೇಲೆ ಧೂಳು, ಉಪ್ಪುಗಾಳಿ ಮತ್ತು ಬೂಷ್ಟು ಸೇರಿ ಪೊರೆ ಕಟ್ಟಿತ್ತು. ಫಿಲ್ಮ್ ತಿನ್ನುವ ಬೂಷ್ಟು ಮಸೂರವನ್ನೂ ಬಿಡುವುದಿಲ್ಲ. ಹಾಗಾಗಿ ಸ್ಕ್ಯಾನರಿನ ಬಾಳಿಕೆ ಎಂಬುದು ನಮ್ಮಲ್ಲಿ ಬಹುಮಟ್ಟಿಗೆ ಅದನ್ನು ಇಡುವ ರೀತಿಯನ್ನು ಅವಲಂಬಿಸಿದೆ: ಕೆಲಸ ಮುಗಿದೊಡನೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದೊಳಗೆ ಸಿಲಿಕಾ ಜೆಲ್ ಜೊತೆಗೆ ಮುಚ್ಚಿಡಿ, ಜೆಲ್ ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ, ಸಾಧ್ಯವಾದರೆ ಇಡೀ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಇಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ಫಿಲ್ಮ್ ಒಣಗಿ ಚಪ್ಪಟೆಯಾಗಿರುತ್ತದೆ. ತೇವದಲ್ಲಿ ಮೆತ್ತಗಾದ ಫಿಲ್ಮ್ ಗಾಜಿಗೆ ತಾಗಿದರೆ ನ್ಯೂಟನ್ ಉಂಗುರಗಳು ಎನ್ನುವ ಎಣ್ಣೆಯ ಬಣ್ಣದ ವರ್ತುಲಗಳು ಮೂಡುತ್ತವೆ.

ಚೌಕದ ನೆಗೆಟಿವ್‌ಗಳನ್ನು ಕ್ಯಾಮೆರಾದಿಂದ ತೆಗೆಯುವ ಕ್ರಮ ಹೀಗೆ. ಬೆಳಕಿಗಾಗಿ ಎಲ್ಲ ಕಡೆ ಸಮನಾಗಿ ಹೊಳೆಯುವ ಎಲ್‌ಇಡಿ ಫಲಕ ಬೇಕು. ಬಣ್ಣದ ಫಿಲ್ಮ್ ಆಗಿದ್ದರೆ ಬಣ್ಣನಿಷ್ಠೆಯ ಸೂಚ್ಯಂಕ (ಸಿಆರ್‌ಐ) 95ಕ್ಕಿಂತ ಮೇಲಿರಲಿ ಎನ್ನುತ್ತಿದ್ದೆ, ಕಪ್ಪು-ಬಿಳುಪಿಗೆ ಅಷ್ಟು ಕಟ್ಟುನಿಟ್ಟು ಬೇಡ. ಮೊಬೈಲಿನ ಪರದೆಯ ಮೇಲೆ ನೇರವಾಗಿ ಇಡಬೇಡಿ, ಅದರ ಚುಕ್ಕಿಗಳು ಚಿತ್ರದಲ್ಲಿ ಬರುತ್ತವೆ. ಫಲಕದಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ಕಿಟಕಿ ಕೊರೆದ ಕಪ್ಪು ರಟ್ಟುಗಳ ನಡುವೆ ನೆಗೆಟಿವ್ ಚಪ್ಪಟೆಯಾಗಿ ಕೂರಲಿ. ಕ್ಯಾಮೆರಾವನ್ನು ಕೆಳಮುಖವಾಗಿ ಸ್ಟ್ಯಾಂಡಿಗೆ ಕಟ್ಟಿ, ನೆಗೆಟಿವ್ ಇರುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಟ್ಟು ಕ್ಯಾಮೆರಾದ ಪರದೆಯಲ್ಲಿ ನೋಡಿ: ಮಸೂರದ ಪ್ರತಿಬಿಂಬ ಸರಿಯಾಗಿ ನಡುವೆ ಬಂದರೆ ಕ್ಯಾಮೆರಾ ಮತ್ತು ಫಿಲ್ಮ್ ಸಮಾನಾಂತರವಾಗಿವೆ. ಇಷ್ಟು ಸುಲಭವಾಗಿ ಇಷ್ಟು ನಿಖರವಾಗಿ ಅಳೆಯುವ ಉಪಾಯ ಇನ್ನೊಂದಿಲ್ಲ. 24 ಮೆಗಾಪಿಕ್ಸೆಲ್ ಸೆನ್ಸರಿನ ಎತ್ತರ 4000 ಪಿಕ್ಸೆಲ್ ಆಗಿರುವುದರಿಂದ ಚೌಕ ತುಂಬ ಬಂದರೆ 16 ಮೆಗಾಪಿಕ್ಸೆಲ್ ಚಿತ್ರ ಸಿಗುತ್ತದೆ. ಕ್ಯಾಮೆರಾ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನದಾದರೆ 56 ಮಿಲಿಮೀಟರ್ ಚೌಕವನ್ನು ತುಂಬಿಸಲು 0.28 ಪಟ್ಟು ವರ್ಧನೆ ಸಾಕು, ಜೊತೆಗೆ ಬಂದ ಲೆನ್ಸೇ ಅದರ ಹತ್ತಿರ ಹೋಗಬಹುದು. ಆಗದಿದ್ದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಒಂದು ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿ. 35 ಮಿಲಿಮೀಟರಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ವರ್ಧನೆ, ಅಂದರೆ ನಿಜವಾದ ಮ್ಯಾಕ್ರೊ ಲೆನ್ಸ್ ಬೇಕಾಗುತ್ತದೆ. ಅಪರ್ಚರ್ ಎಫ್ 8 ಇರಲಿ, ಟೈಮರ್ ಹಾಕಿ ಕೈ ಬಿಟ್ಟು ತೆಗೆಯಿರಿ, ಸೆನ್ಸರ್ ಕಂಡದ್ದನ್ನು ಒತ್ತದೆ ಇಡುವ ರಾ ಕಡತದಲ್ಲಿ ಉಳಿಸಿ, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿ ತಿರುಗಿಸಿ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ನೆಗೆಟಿವ್‌ಗೆಂದೇ ಒಂದು ವಿಭಾಗವಿದೆ.

ಸ್ವಚ್ಛಗೊಳಿಸುವ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದಿರಿ. ಬೂಷ್ಟು ಹಿಡಿದ ಫಿಲ್ಮ್‌ಗೆ ನೀರು ತಾಗಿಸಬೇಡಿ. ಬೂಷ್ಟು ಬೆಳೆದ ಕಡೆ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಒರೆಸಿದರೆ ಬೂಷ್ಟಿನೊಡನೆ ಚಿತ್ರವೇ ಎದ್ದುಬರುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ನಾನು ಹಾಳುಮಾಡಿದ ಒಂದು ಸ್ಲೈಡ್ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅದರಲ್ಲಿದ್ದ ಅಜ್ಜಿಯ ಇನ್ನೊಂದು ಚಿತ್ರ ಆ ಮನೆಯವರಲ್ಲಿ ಇರಲಿಲ್ಲ. ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್ ಆಡಿಸಿ. ಬಹುತೇಕ ಸ್ಲೈಡುಗಳಿಗೆ ಅಷ್ಟೇ ಸಾಕು. ಉಳಿದವಕ್ಕೆ ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ನಾರು ಬಿಡದ ಬಟ್ಟೆಗೆ ತುಸುವೇ ಹಾಕಿ, ಬೇಡದ ಸ್ಲೈಡೊಂದರ ಮೇಲೆ ಪರೀಕ್ಷಿಸಿ, ನಂತರ ಹಗುರವಾಗಿ ಒರೆಸಿ. ಔಷಧಿ ಅಂಗಡಿಯ ಶೇಕಡ 70ರದ್ದರಲ್ಲಿ ನೀರಿರುತ್ತದೆ, ಅದು ಬೇಡ. ಗಾಜಿನ ಚೌಕಟ್ಟಿನ ಸ್ಲೈಡುಗಳಿದ್ದರೆ ಬಿಡಿಸಿ. ನಮ್ಮ ಹವೆಯಲ್ಲಿ ಆ ಗಾಜುಗಳ ನಡುವೆ ತೇವ ಸಿಕ್ಕಿಕೊಂಡು ಒಳಗೇ ಬೂಷ್ಟು ಬೆಳೆಯುತ್ತದೆ. ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮ್ ಒಳಗಿನಿಂದ ಒಡೆಯುತ್ತಿರುವ ಲಕ್ಷಣ. ಅದರ ಆವಿ ಪಕ್ಕದ ಒಳ್ಳೆಯ ಫಿಲ್ಮನ್ನೂ ಕೆಡಿಸುತ್ತದೆ. ಅವನ್ನು ಬೇರೆ ಇಟ್ಟು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ.

ಕೊಳ್ಳುವ ಮುನ್ನ ಮಾರುವವರಿಂದ ಮೂರು ಸಂಗತಿಗಳನ್ನು ಬರೆಸಿಕೊಳ್ಳಿ: ಖಾತರಿ ಭಾರತದಲ್ಲಿ ನಡೆಯುತ್ತದೆಯೇ, ದುರಸ್ತಿಗೆ ಯಾವ ಊರಿಗೆ ಕಳುಹಿಸಬೇಕು, ನಿಮ್ಮ ಕಂಪ್ಯೂಟರಿನ ಈಗಿನ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಚಾಲಕ ತಂತ್ರಾಂಶ ಇದೆಯೇ. ಯಂತ್ರ ಕೈಗೆ ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಮೂರು ಸ್ಲೈಡುಗಳನ್ನು ಹಾಕಿ ನೋಡಿ. ಒಂದು ರಾತ್ರಿಯ ಯಕ್ಷಗಾನದ್ದು: ಕಪ್ಪಿನಲ್ಲಿ ಉದ್ದುದ್ದ ಬಣ್ಣದ ಗೆರೆಗಳು ಬಂದರೆ ಸೆನ್ಸರಿನಲ್ಲಿ ದೋಷವಿದೆ. ಎರಡನೆಯದು ಹಂಚಿನ ಮಾಡೋ ತೆಂಗಿನ ಗರಿಗಳೋ ಚಿತ್ರದ ನಾಲ್ಕೂ ಮೂಲೆಗಳವರೆಗೆ ಹರಡಿರುವಂಥದು: ಒಂದು ಬದಿ ಮಾತ್ರ ಮಸುಕಾದರೆ ಮಸೂರವೋ ಹೋಲ್ಡರೋ ವಾಲಿದೆ. ಮೂರನೆಯದು ಬೂಷ್ಟು ಹಿಡಿದದ್ದು, ಇನ್ಫ್ರಾರೆಡ್ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಇವುಗಳಲ್ಲಿ ತಪ್ಪು ಕಂಡರೆ ತಂತ್ರಾಂಶದಿಂದ ಸರಿಹೋದೀತೆಂದು ಕಾಯದೆ ಹಿಂದಿರುಗಿಸಿ.

ಸ್ಲೈಡುಗಳನ್ನು 7200ರಲ್ಲಿ ಓದಿಸಿ 3600ಕ್ಕೆ ಇಳಿಸಿ ಉಳಿಸಿದರೆ ಈ ಯಂತ್ರದ ಪೂರ್ಣ ವಿವರ ದಕ್ಕುತ್ತದೆ. ಹಾಗೆಯೇ ಉಳಿಸಿದ 7200ರ ಕಡತ 400 ಮೆಗಾಬೈಟ್ ದಾಟುತ್ತದೆ, ಅದರಿಂದ ಲಾಭವಿಲ್ಲ. ಬಣ್ಣದ ವಿವರ ಕಳೆಯದ 3600ರ 48 ಬಿಟ್ ಟಿಫ್ ಕಡತ ಸುಮಾರು 104 ಮೆಗಾಬೈಟ್, ಅಂದರೆ 900 ಸ್ಲೈಡುಗಳಿಗೂ 94 ಗಿಗಾಬೈಟ್ ಸಾಕು. ಮೂಲ ಟಿಫ್ ಅನ್ನು ಮುಟ್ಟದೆ ಎರಡು ಬೇರೆ ಡಿಸ್ಕುಗಳಲ್ಲಿ ಇಡಿ. ಒಂದು ಡಿಸ್ಕ್ ನಿಮ್ಮ ಮನೆಯಲ್ಲಿರದೆ, ಘಟ್ಟದ ಮೇಲಿರುವ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಹಂಚಲು ಜೆಪೆಗ್ ಪ್ರತಿ ಮಾಡಿಕೊಳ್ಳಿ. ಹಳೆಯ ಸ್ಲೈಡುಗಳಲ್ಲಿ ಕೆಂಪು ಛಾಯೆ ಕಂಡರೆ ಹೆದರಬೇಡಿ, ನೀಲಿ-ಹಸಿರು ಬಣ್ಣದ್ರವ್ಯ ಉಳಿದವುಗಳಿಗಿಂತ ಮೊದಲು ಮಾಸಿರುತ್ತದೆ. 48 ಬಿಟ್ ಕಡತದಲ್ಲಿ ಅದನ್ನು ಬಹುಮಟ್ಟಿಗೆ ಮರಳಿಸಬಹುದು.

ಕೊನೆಯದಾಗಿ ಒಂದು ಕೆಲಸ, ಇದನ್ನು ಮಾತ್ರ ಸ್ಕ್ಯಾನರ್ ಬರುವ ಮೊದಲೇ ಮಾಡಿ. ಸ್ಲೈಡಿನ ಚೌಕಟ್ಟಿನ ಮೇಲೆ ನಿಮ್ಮ ತಂದೆಯವರು ಪೆನ್ಸಿಲಿನಲ್ಲಿ ಬರೆದ ಊರು, ಹೆಸರು, ದಿನಾಂಕ ಇರಬಹುದು, ತೊಳೆದ ಲ್ಯಾಬಿನವರು ಒತ್ತಿದ ತಿಂಗಳು ಮತ್ತು ವರ್ಷದ ಮುದ್ರೆ ಇರಬಹುದು. ಸ್ಕ್ಯಾನರ್ ಓದುವುದು ಕಿಟಕಿಯೊಳಗಿನ ಚಿತ್ರವನ್ನು ಮಾತ್ರ, ಚೌಕಟ್ಟನ್ನು ಓದುವುದಿಲ್ಲ. ಒಂದೊಂದು ಪೆಟ್ಟಿಗೆಯ ಸ್ಲೈಡುಗಳನ್ನು ಅವರು ಇಟ್ಟ ಕ್ರಮದಲ್ಲೇ ಮೇಜಿನ ಮೇಲೆ ಹರಡಿ, ಎರಡೂ ಬದಿಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಕಡತಗಳ ಹೆಸರಿನಲ್ಲಿ ಪೆಟ್ಟಿಗೆಯ ಸಂಖ್ಯೆ ಮತ್ತು ಸ್ಲೈಡಿನ ಸಂಖ್ಯೆ ಇರಲಿ. ಆಮೇಲೆ ಆ ಫೋಟೊಗಳನ್ನು ನಿಮ್ಮ ತಾಯಿಯವರಿಗೋ ದೊಡ್ಡಮ್ಮನವರಿಗೋ ತೋರಿಸಿ, ಅವರು ಹೇಳುವ ಹೆಸರುಗಳನ್ನು ಅದೇ ಸಂಖ್ಯೆಯ ಎದುರು ಬರೆದಿಡಿ.